ಹಂಡೆ ಮಂಚೇಗೌಡ ನುಂಗಿದ ಮುದ್ದೆ

ಮುದ್ದೆ ನುಂಗುವುದರಲ್ಲಿ ನನ್ನನ್ನು ಸೋಲಿಸುವ ಗಂಡು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಒಂದು ಸಲ ನಾನು ಉಂಡು ಏಳುವ ಹೊತ್ತಿಗೆ ಅಡುಗೆಯವರು ಹಿಟ್ಟು ಸಾಲದೆ ಮತ್ತೆ ಗಿರಣಿಗೆ ಓಡಿದ್ದರು. ಸುಳ್ಳು. ಎರಡನೇ ಮುದ್ದೆಗೇ ಮಜ್ಜಿಗೆ ಕೇಳುವ ಗಿರಾಕಿ ನಾನು. ಈಗ ಹೇಳುವ ಕತೆಯಲ್ಲಿಯೂ ಉಪ್ಪುಖಾರ ನನ್ನದೇ, ಮಾಂಸ ಮಾತ್ರ ನಿಜದ್ದು.

ಮಂಡ್ಯದ ಕಡೆ ಮಂಚೇಗೌಡ ಅಂತ ಒಬ್ಬನಿದ್ದ. ಊರವರು ಅವನನ್ನು ಹಂಡೆ ಅನ್ನುತ್ತಿದ್ದರು. ಎದುರಿಗೇ ಅನ್ನುತ್ತಿದ್ದರು, ಅವನೂ ಓಗೊಡುತ್ತಿದ್ದ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಿದ್ದಳು. ಅಕ್ಕ ದೇವೀರಮ್ಮನೇ ಉಣ್ಣಿಸಿ ಬೆಳೆಸಿದವಳು. ಅವಳಿಗೆ ಮುದ್ದು ಮಾಡಲು ಬರುತ್ತಿರಲಿಲ್ಲ. ತಮ್ಮನ ಮೇಲೆ ಪ್ರೀತಿ ಬಂದರೆ ಇನ್ನೊಂದು ಮುದ್ದೆ ಇಡುತ್ತಿದ್ದಳು. ಕೋಪ ಬಂದರೂ ಇನ್ನೊಂದು ಮುದ್ದೆಯೇ, ಸಾರು ಮಾತ್ರ ಕಡಿಮೆ.

ಉಂಡು ಉಂಡು ಮಂಚೇಗೌಡ ಎಷ್ಟು ದಪ್ಪಗಾದನೆಂದರೆ ಅವನು ಹತ್ತಿದ ಆಟೋದಲ್ಲಿ ಡ್ರೈವರನೇ ಹೊರಗೆ ಜೋತುಬೀಳಬೇಕಿತ್ತು. ಇದು ನನ್ನ ಉಪ್ಪು. ಮಂಡಿ ಸವೆದದ್ದು, ಸಕ್ಕರೆ ಕಾಯಿಲೆ ಏರಿದ್ದು, ಮಲಗಿದರೆ ಉಸಿರು ಕಟ್ಟುತ್ತಿದ್ದದ್ದು ನಿಜ. ಹೆಂಡತಿ ಸುನಂದ ಅತ್ತು ಕರೆದು ಮೈಸೂರಿನ ಒಂದು ಆಸ್ಪತ್ರೆಗೆ ಸೇರಿಸಿದಳು. ಅಲ್ಲಿ ತೂಕ ಇಳಿಯಲೆಂದು ಅವನ ಹೊಟ್ಟೆಯೊಳಗಿನ ಅನ್ನದ ಚೀಲದ ಬಹುಪಾಲನ್ನು ಕತ್ತರಿಸಿ ತೆಗೆದರು.

"ಗೌಡ್ರೇ, ಹೊಟ್ಟೆ ಈಗ ಬಾಳೆಹಣ್ಣಿನಷ್ಟಿದೆ," ಅಂದರು ಡಾಕ್ಟರು. "ಮೊದಲು ಬರೀ ನೀರುಗಂಜಿ. ಆಮೇಲೆ ಮೆತ್ತಗಿನದು. ಮುಂದಕ್ಕೆ ಎಲ್ಲ ತಿನ್ನಬಹುದು, ಆದರೆ ಒಂದು ಹೊತ್ತಿಗೆ ಒಂದು ಸಣ್ಣ ಬಟ್ಟಲು. ಅಗಿದು ಅಗಿದು ತಿನ್ನಬೇಕು. ಸಾಕು ಅನ್ನಿಸಿದ ಮೇಲೆ ಒಂದು ತುತ್ತೂ ಜಾಸ್ತಿ ಬೇಡ."

"ಮುದ್ದೇನೂ ಅಗೀಬೇಕಾ ಸಾರ್?"

"ಮುದ್ದೇನೇ ಮೊದಲು ಅಗೀಬೇಕು."

ಆಪರೇಷನ್ನಿಗೆ ಹೆದರದ ಮಂಚೇಗೌಡ ಈ ಮಾತಿಗೆ ಹೆದರಿದ. ನಮ್ಮ ಕಡೆ ಮುದ್ದೆ ಅಗಿಯುವವನನ್ನು ಉಣ್ಣುವವರ ಸಾಲಿಗೆ ಸೇರಿಸುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿಬಿಡಬೇಕು. ಹಲ್ಲಿಗೆ ಸುದ್ದಿ ಮುಟ್ಟಬಾರದು. ಹಂಡೆ ಅನ್ನಿಸಿಕೊಂಡವನು ಹೊಟ್ಟೆ ಕುಯ್ಸಿಕೊಂಡ ಎಂದರೆ ಊರು ನಗುತ್ತದೆ. ಅದಕ್ಕೆ ಅವನು ಹರ್ನಿಯಾ ಆಪರೇಷನ್ ಎಂದು ಸುದ್ದಿ ಬಿಟ್ಟ.

"ನಿಮ್ಮಕ್ಕಂಗಾದ್ರೂ ನಿಜ ಹೇಳಿ," ಅಂದಳು ಸುನಂದ.

"ಬ್ಯಾಡ ಕಣೆ. ನಾನು ಉಣ್ಣಕಿಲ್ಲ ಅಂದ್ರೆ ಅವಳು ಅರ್ಧ ಜೀವ ಆಗೋಯ್ತಾಳೆ."

ಕೆಲವು ತಿಂಗಳು ಕಳೆದವು. ದೇವೀರಮ್ಮನ ಮಗನ ಮದುವೆಯಾಯಿತು. ಹೆಣ್ಣಿನ ಕಡೆಯವರಿಗೆ ಬೀಗರೂಟ. ಮಾಂಸದ ಸಾರಿನ ಮಸಾಲೆಗೆ ದೇವೀರಮ್ಮ ಬೇರೆ ಯಾರ ಕೈಯನ್ನೂ ತಾಕಿಸಿರಲಿಲ್ಲ. ಅವಳ ಸಾರಿಗೆ ಸುತ್ತಲ ಊರುಗಳಲ್ಲಿ ಹೆಸರಿತ್ತು. ಅವತ್ತು ಆ ಹೆಸರು ಬೀಗರ ಮುಂದೆ ನಿಲ್ಲಬೇಕಿತ್ತು.

ಆ ಮನೆಯಲ್ಲೊಂದು ಪದ್ಧತಿ. ಮೊದಲ ಪಂಕ್ತಿಯಲ್ಲಿ ಗಂಡಿನ ಸೋದರಮಾವ ಬೀಗರ ಎದುರಿಗೆ ಕೂರಬೇಕು. ಅವನು ಉಣ್ಣತೊಡಗಿದ ಮೇಲೆಯೇ ಬೀಗರು ಎಲೆಗೆ ಕೈ ಹಾಕುವುದು. ಸೋದರಮಾವ ಅಂದರೆ ಮಂಚೇಗೌಡನೇ. ಅವನು ನಿಂಬೆಹಣ್ಣಿನಷ್ಟು ಮುದ್ದೆ ಮುರಿದು, ಯಾರೂ ನೋಡುತ್ತಿಲ್ಲವೆಂದುಕೊಂಡು ಚೂರುಚೂರೇ ಅಗಿದ.

ಎದುರು ಕೂತಿದ್ದ ಹೆಣ್ಣಿನ ತಂದೆ ಹೊಂಬಾಳೇಗೌಡ ನೋಡಿಬಿಟ್ಟ.

"ಏನ್ ಸೋದರಮಾವ್ನೋರೇ, ಮುದ್ದೇನ ಎಲೆಅಡಿಕೆ ಥರ ಮೆಲ್ತಾ ಇದ್ದೀರಿ?"

"ಹೊಸ ಹಲ್ಲು ಕಟ್ಟಿಸ್ಕೊಂಡಿರ್ಬೇಕು," ಅಂದ ಪಕ್ಕದವನು. "ಕೆಲಸ ಕೊಟ್ಟು ನೋಡ್ತಾವ್ರೆ."

ಪಂಕ್ತಿ ನಕ್ಕಿತು. ಮಂಚೇಗೌಡನೂ ನಕ್ಕ. ಅಷ್ಟಕ್ಕೇ ಅವನ ಹೊಟ್ಟೆ ತುಂಬಿತ್ತು. ಎಲೆ ಇನ್ನೂ ತುಂಬಿಯೇ ಇತ್ತು.

"ಅಲ್ಲ, ಅಕ್ಕನ ಕೈ ಸಾರು ತಮ್ಮಂಗೇ ಸೇರ್ತಿಲ್ಲ ಅಂದ್ರೆ, ನಾವೆಂಗೆ ಉಣ್ಣದು ಸ್ವಾಮಿ?"

ಹೊಂಬಾಳೇಗೌಡ ತಮಾಷೆಗೇ ಅಂದದ್ದು. ಆದರೆ ಬೀಗರೂಟದಲ್ಲಿ ತಮಾಷೆ ಎಲ್ಲಿಗೆ ಮುಗಿಯುತ್ತದೆ ಎಂದು ಹೇಳಲಾಗುವುದಿಲ್ಲ. ಬೀಗರ ಕೈಗಳು ಎಲೆಯ ಮೇಲೆ ಸುಮ್ಮನೆ ನಿಂತವು. ದೇವೀರಮ್ಮ ಸೌಟು ಹಿಡಿದುಕೊಂಡೇ ಬಂದಳು.

"ಯಾಕ್ಲಾ ಮಂಚ, ಉಪ್ಪು ಕಮ್ಮಿ ಆಯ್ತಾ?"

ಒಂದು ಮಾತು ಸಾಕಿತ್ತು. ಅಕ್ಕ, ನನ್ನ ಹೊಟ್ಟೆ ಈಗ ಚಿಕ್ಕದಾಗಿದೆ, ಅಂದಿದ್ದರೆ ಆಗುತ್ತಿತ್ತು. ಬೀಗರು ಒಂದು ಗಳಿಗೆ ನಗುತ್ತಿದ್ದರು, ಆಮೇಲೆ ಉಣ್ಣುತ್ತಿದ್ದರು. ಮಂಚೇಗೌಡ ಆ ಮಾತನ್ನು ನುಂಗಿದ. ಅದರ ಹಿಂದೆಯೇ ಉಳಿದ ಮುದ್ದೆಯನ್ನೂ ನುಂಗಿದ.

"ಈಗ ಬಂದ ನೋಡಪ್ಪ ನಮ್ಮ ಹಂಡೆ," ಅಂದರು ಯಾರೋ. ಬೀಗರು ಊಟಕ್ಕೆ ಕೈ ಹಾಕಿದರು. ದೇವೀರಮ್ಮನ ಮುಖ ಅರಳಿತು. ಪ್ರೀತಿ ಬಂದರೆ ಅವಳು ಏನು ಮಾಡುವವಳೆಂದು ನಿಮಗೆ ಗೊತ್ತು. ಇನ್ನೊಂದು ಮುದ್ದೆ ತಂದು ಇಟ್ಟಳು.

"ಅಮ್ಮನಾಣೆ, ಇದೊಂದು ಉಣ್ಣು."

ಅದಕ್ಕೂ ಕೈ ಹಾಕಿದ. ಎದೆಯೊಳಗೆ ಗೂಟ ಬಡಿದ ಹಾಗಾಯಿತು. ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಏಳಲು ನೋಡಿದ, ಆಗಲಿಲ್ಲ. ಎಲೆಯ ಮೇಲೆಯೇ ವಾಂತಿ ಮಾಡಿಕೊಂಡು ಪಕ್ಕಕ್ಕೆ ವಾಲಿದ.

ಉಣ್ಣುತ್ತಿದ್ದವನು ಹೀಗೆ ಬಿದ್ದರೆ ನಮ್ಮ ಜನ ಕಾಯಿಲೆ ಏನೆಂದು ಕೇಳುವುದಿಲ್ಲ, ಅಡುಗೆಯ ಕೈ ಯಾರದೆಂದು ಕೇಳುತ್ತಾರೆ. ಪಂಕ್ತಿಯ ಕೊನೆಯಲ್ಲಿ ಒಬ್ಬಾಕೆ ಮೆಲ್ಲಗೆ ಅಂದಳು, "ಸಾರಿಗೆ ಮದ್ದು ಬಿದ್ದದೆ." ಮದ್ದು ಅಂದರೆ ಗೊತ್ತಲ್ಲ, ಊಟದಲ್ಲಿ ಕದ್ದು ಬೆರೆಸುವ ವಿಷ. ಮೆಲ್ಲಗೆ ಆಡಿದ ಮಾತು ಬೇಗ ಓಡುತ್ತದೆ. ಬೀಗರು ಅರ್ಧ ಊಟಕ್ಕೇ ಎಲೆ ಬಿಟ್ಟು ಎದ್ದರು. ದೇವೀರಮ್ಮ ಕೈಯಲ್ಲಿದ್ದ ಸೌಟನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದೇ ನಿಂತಿದ್ದಳು.

ಮಂಚೇಗೌಡನನ್ನು ಆಸ್ಪತ್ರೆಗೆ ಹೊತ್ತೊಯ್ದರು. ಪುಣ್ಯಕ್ಕೆ ಒಳಗಿನ ಹೊಲಿಗೆ ಬಿಟ್ಟಿರಲಿಲ್ಲ, ಉಳಿದ. ಆಸ್ಪತ್ರೆಯ ಬಾಗಿಲಲ್ಲಿ ಸುನಂದ ಎಲ್ಲವನ್ನೂ ಹೇಳಿದಳು. ದೇವೀರಮ್ಮ ಒಳಗೆ ಹೋಗಿ ತಮ್ಮನ ಮಂಚದ ಅಂಚಿಗೆ ಕೂತಳು.

"ಎಷ್ಟು ಹಿಡಿಸ್ತದೆ ಈಗ?"

ಅವನು ಅಂಗೈ ಕುಳಿ ಮಾಡಿ ತೋರಿಸಿದ. ಅವಳು ಆ ಕುಳಿಯನ್ನೇ ನೋಡಿದಳು.

"ಇಷ್ಟೇ ಅಂತ ಹೇಳಿದ್ರೆ ಇಷ್ಟೇ ಇಕ್ಕುತಿದ್ನಲ್ಲೋ. ನೀನು ಹಲ್ಲು ಬರದ ಕೂಸಾಗಿದ್ದಾಗ ನಾನು ಉಣ್ಸಿದ್ದು ಇಷ್ಟೇ ಅಲ್ವಾ?"

ಅವನು ಅಂಗೈ ಮುಚ್ಚಿಕೊಂಡ.

ಹುಷಾರಾದ ಮೇಲೆ ಮಂಚೇಗೌಡ ತಾನೇ ಬೀಗರ ಮನೆಗೆ ಹೋಗಿ ನಿಜ ಹೇಳಿದ. ಹೊಂಬಾಳೇಗೌಡ ಕೈ ಹಿಡಿದುಕೊಂಡ. "ತಪ್ಪು ನಂದು ಗೌಡ್ರೇ. ಬಾಯಿ ಬಿಗಿಹಿಡೀಬೇಕಿತ್ತು." ಬೀಗರು ನಂಬಿದರು. ಊರು ಪೂರ್ತಿ ನಂಬಲಿಲ್ಲ. ಅಕ್ಕನ್ನ ಕಾಯೋಕೆ ತಮ್ಮ ಕತೆ ಕಟ್ಟವ್ನೆ ಅಂದವರೂ ಇದ್ದರು. ಮದುವೆ ಮನೆಗಳಲ್ಲಿ, ಸಾರಿನ ಹದ ನೋಡು ಬಾ ದೇವೀರಕ್ಕ, ಎಂದು ಕರೆಯುವುದು ನಿಂತುಹೋಯಿತು.

ಯುಗಾದಿಯ ಮಾರನೆ ದಿನ ವರ್ಷತೊಡಕು. ಮನೆಮನೆಯಲ್ಲೂ ಮಾಂಸದೂಟ. ಮಂಚೇಗೌಡ ಕರೆಯದಿದ್ದರೂ ಅಕ್ಕನ ಮನೆಗೆ ಬಂದ. ಅವಳು ಎಲೆ ಹಾಸಿ ನಿಂಬೆಗಾತ್ರದ ಮುದ್ದೆ ಇಟ್ಟಳು. ಅವನು ಎಲ್ಲರೆದುರಿಗೇ ನಿಧಾನವಾಗಿ ಅಗಿದು ತಿಂದ. ಯಾರೂ ನಗಲಿಲ್ಲ. ಗಾಯ ಮಾಗಿತ್ತು, ಇನ್ನೊಂದು ತುತ್ತಿಗೆ ನಿಜವಾಗಿಯೂ ಜಾಗವಿತ್ತು.

"ಅಕ್ಕ, ಇನ್ನೊಂಚೂರು ಇಕ್ಕು."

ದೇವೀರಮ್ಮ ಸೌಟು ಎತ್ತಿದಳು. ಎಲೆಯವರೆಗೆ ತಂದು, ಬಡಿಸದೆ, ಸಾರನ್ನು ಮತ್ತೆ ಪಾತ್ರೆಗೇ ಸುರಿದಳು.

"ನನ್ ಕೈಲಿ ಆಗಕಿಲ್ಲ ಕಣಪ್ಪ. ಎಷ್ಟು ಬೇಕೋ ನೀನೇ ಇಕ್ಕೋ."

ಪಾತ್ರೆಯನ್ನು ಅವನ ಮುಂದಿಟ್ಟು ಜಗುಲಿಗೆ ಹೋಗಿ ಕೂತಳು. ಆ ಮನೆಯಲ್ಲಿ ಮಂಚೇಗೌಡ ತನ್ನ ಕೈಯಾರೆ ಬಡಿಸಿಕೊಂಡದ್ದು ಅದೇ ಮೊದಲು. ಬಡಿಸಿಕೊಂಡದ್ದನ್ನು ಹಾಗೆಯೇ ಬಿಟ್ಟು ಎದ್ದ. ಹೊಟ್ಟೆಯಲ್ಲಿ ಜಾಗವಿತ್ತು.

ನೀತಿ: ಬಡಿಸುವವರು ಪ್ರೀತಿಯನ್ನು ಸೌಟಿನಿಂದ ಅಳೆಯಬಾರದು, ಉಣ್ಣುವವರು ತಮ್ಮ ಅಳತೆಯನ್ನು ಮುಚ್ಚಿಡಬಾರದು. ನಮ್ಮವರಿಗೆ ನಮ್ಮ ಮಿತಿ ಹೇಳದೆ ಹೋದರೆ, ನಮ್ಮನ್ನು ಸಾಕಿದ ಕೈಯಿಂದಲೇ ನಮಗೆ ಕೆಡುಕು ಮಾಡಿಸಿದಂತಾಗುತ್ತದೆ. ಆಮೇಲೆ ಹೇಳುವ ನಿಜ ಸಂಬಂಧ ಉಳಿಸಬಹುದು, ಆ ಕೈಯ ಧೈರ್ಯವನ್ನು ಮರಳಿ ಕೊಡಲಾರದು.

ಇಷ್ಟು ಹೇಳುವಷ್ಟರಲ್ಲಿ ನನ್ನ ಲೋಟ ಖಾಲಿಯಾಯಿತು. ಈ ಟೀ ದುಡ್ಡು ನೀವೇ ಕೊಟ್ಟುಬಿಡಿ. ಬನ್ನು ಬೇಡ, ಒತ್ತಾಯ ಮಾಡಬೇಡಿ.