ಹಗೇವಿಗೆ ಇಳಿದವನು

"ಗುರುಗಳೇ, ಈಗ ಯಾರು ಏನು ಹೇಳಿದರೂ ನಾನು ನಂಬುವುದಿಲ್ಲ. ನಂಬದಿರಲು ಕಲಿತವನಿಗೆ ವಿವೇಕ ಬಂತು ಎನ್ನಬಹುದೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಎರೆಮಣ್ಣಿನ ಸೀಮೆಯ ಒಂದೂರಿನಲ್ಲಿ ಭರಮಪ್ಪನೆಂಬ ರೈತನಿದ್ದ. ಅವನು ಚಿಕ್ಕವನಿದ್ದಾಗ ತಾಯಿಗೆ ಜ್ವರ ಬಂದಿತ್ತು. ಮಂತ್ರವಾದಿ ಬಂದು, ಇದು ದೆವ್ವದ ಕಾಟ ಎಂದ. ತಾಯತ ಕಟ್ಟಿದ, ಔಷಧಿ ಬೇಡವೆಂದ. ಮನೆಯವರು ನಂಬಿದರು. ತಾಯಿ ಉಳಿಯಲಿಲ್ಲ. ಅಂದಿನಿಂದ ದೆವ್ವದ ಮಾತೆತ್ತಿದರೆ ಭರಮಪ್ಪ ಉರಿದುಬೀಳುತ್ತಿದ್ದ. ಅವನ ಸಿಟ್ಟಿನ ಬೇರು ಎಲ್ಲಿದೆ ಎಂದು ಊರವರಿಗೆ ಗೊತ್ತಿತ್ತು. ಅದಕ್ಕೇ ಯಾರೂ ಎದುರಾಡುತ್ತಿರಲಿಲ್ಲ.

ಆ ಊರಿನವರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ಮತ್ತೆ ತೆಗೆಯುವುದು ಬೇಕೆನಿಸಿದಾಗಲೇ.

ಒಂದು ಬೇಸಿಗೆಯಲ್ಲಿ ನೆರೆಮನೆಯ ದ್ಯಾವಣ್ಣನ ತಮ್ಮ ಹಗೇವು ತೆಗೆದು ಒಳಗಿಳಿದ. ಮೇಲೆ ಬಂದದ್ದು ಅವನ ಹೆಣ. ಮೈಮೇಲೆ ಒಂದು ಗಾಯವೂ ಇರಲಿಲ್ಲ. ಹಗೇವಿನೊಳಗೆ ದೆವ್ವ ಸೇರಿಕೊಂಡಿದೆ, ತಪ್ಪು ನಡೆದ ಮನೆಯವರನ್ನು ಅದು ಬಿಡುವುದಿಲ್ಲ ಎಂದು ಊರು ಆಡಿಕೊಂಡಿತು. ಏನು ತಪ್ಪು ನಡೆದಿರಬಹುದು ಎಂದು ಹುಡುಕುವವರೂ ಹುಟ್ಟಿಕೊಂಡರು. ಸತ್ತವನ ಹೆಂಡತಿ ಹೊರಗೆ ಮುಖ ತೋರಿಸುವುದನ್ನೇ ಬಿಟ್ಟಳು.

ಭರಮಪ್ಪ ಆ ಮನೆಗೆ ಹೋದ. ಸಮಾಧಾನ ಹೇಳಬೇಕೆಂದೇ ಹೋದದ್ದು.

"ದೆವ್ವವೂ ಇಲ್ಲ, ಗಿವ್ವವೂ ಇಲ್ಲ. ನಿನ್ನ ತಮ್ಮ ಕುಡಿದು ಇಳಿದಿರಬೇಕು. ಕಾಲು ಜಾರಿ ಬಿದ್ದಿದ್ದಾನೆ" ಎಂದ.

"ಅವ ಒಂದು ಹನಿ ಮುಟ್ಟಿದವನಲ್ಲ, ಅಣ್ಣಾ" ಎಂದ ದ್ಯಾವಣ್ಣ.

ಇವರಿಗೆ ಎಷ್ಟು ಹೇಳಿದರೂ ಅಷ್ಟೇ ಎಂದುಕೊಂಡು ಭರಮಪ್ಪ ಎದ್ದು ಬಂದ.

ಆಮೇಲೆ ಊರಿನಲ್ಲಿ ಯಾರೂ ಹಗೇವಿಗೆ ಇಳಿಯಲಿಲ್ಲ. ಮನೆಯಲ್ಲಿದ್ದ ಜೋಳ ತೀರುತ್ತ ಬಂತು. ನೆಲದೊಳಗೆ ಊರೆಲ್ಲ ಉಣ್ಣುವಷ್ಟು ಕಾಳಿತ್ತು. ಮೇಲೆ ಮಕ್ಕಳು ಅರೆಹೊಟ್ಟೆಯಲ್ಲಿ ಮಲಗುತ್ತಿದ್ದರು. ಭರಮಪ್ಪನಿಗೆ ಇದನ್ನು ನೋಡಲಾಗಲಿಲ್ಲ. ಒಂದು ಬೆಳಗ್ಗೆ ಜನರನ್ನು ಕರೆದು, ಅವರ ಕಣ್ಣೆದುರೇ ತನ್ನ ಹಗೇವಿನ ಕಲ್ಲು ಸರಿಸಿದ. ಹೆಂಡತಿ ನೀಲವ್ವ ಹಗ್ಗ ತಂದಳು. "ನನ್ನ ಸಮಾಧಾನಕ್ಕಾದರೂ ಕಟ್ಟಿಕೊಳ್ಳಿ" ಎಂದಳು. ಇಲ್ಲದ್ದಕ್ಕೆ ಹೆದರುವುದೇನೆಂದು ಅವನು ನಕ್ಕ. ಆದರೆ ಅವಳ ಕಣ್ಣಲ್ಲಿ ನೀರು ಕಂಡು ಸೊಂಟಕ್ಕೆ ಕಟ್ಟಿಸಿಕೊಂಡ.

"ನೋಡಿ, ಇಲ್ಲಿ ಯಾವ ದೆವ್ವವೂ ಇಲ್ಲ" ಎಂದು ಕೂಗುತ್ತ ಇಳಿದ. ಪಾದಕ್ಕೆ ಕಾಳು ತಾಗಿತು. ಇನ್ನೊಮ್ಮೆ ಕೂಗಲು ಬಾಯಿ ತೆರೆದ. ಮೊಣಕಾಲು ಸೋತವು. ಮೇಲಿನ ಬೆಳಕು ಕಿರಿದಾಗುತ್ತ ಹೋಯಿತು. ಅವನಿಗೆ ನೆನಪಿದ್ದದ್ದು ಅಷ್ಟೇ.

ಕಣ್ಣು ಬಿಟ್ಟಾಗ ಅಂಗಳದಲ್ಲಿ ಮಲಗಿದ್ದ. ಹಗ್ಗಕ್ಕೆ ಮೊದಲು ಕೈಹಾಕಿದವನು ದ್ಯಾವಣ್ಣ. ಅವನ ಅಂಗೈ ಸುಲಿದಿತ್ತು. ಸುತ್ತ ನಿಂತವರು, "ದೆವ್ವ ಇದೆಯೆಂದು ಈಗಲಾದರೂ ಒಪ್ಪುತ್ತೀಯಾ?" ಎಂದರು. ಅವರು ಹೆದರಿ ಕಲ್ಲನ್ನು ಮತ್ತೆ ಮುಚ್ಚಿಬಿಟ್ಟಿದ್ದರು.

ಹೌದೆನ್ನಲು ಭರಮಪ್ಪನಿಂದ ಆಗಲಿಲ್ಲ. ತಾಯಿಯ ತೋಳಿನ ತಾಯತ ಕಣ್ಣಿಗೆ ಕಟ್ಟಿತು. ಇಲ್ಲವೆಂದು ಸುಮ್ಮನಾಗಲೂ ಆಗಲಿಲ್ಲ. ಅವನು ಕುಡಿದಿರಲಿಲ್ಲ. ಕಾಲೂ ಜಾರಿರಲಿಲ್ಲ. ಆದರೂ ಬಿದ್ದಿದ್ದ. ದ್ಯಾವಣ್ಣನ ತಮ್ಮನ ಬಗ್ಗೆ ತಾನು ಆಡಿದ ಮಾತು ನೆನಪಾಗಿ ಅವನಿಗೆ ತಲೆಯೆತ್ತಲಾಗಲಿಲ್ಲ. ಆ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ತಾನೇ ಹುಟ್ಟಿಸಿದ್ದ, ತಾನೇ ನಂಬಿದ್ದ.

ಮೈಯಲ್ಲಿ ಕಸುವು ಬಂದ ಮೇಲೆ ದ್ಯಾವಣ್ಣನ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತ.

"ಆ ದಿನ ನೀನು ಕಣ್ಣಾರೆ ಏನು ನೋಡಿದೆಯೋ ಅದನ್ನು ಹೇಳು. ಊರು ಹೇಳಿದ್ದು ಬೇಡ, ನಾನು ಹೇಳಿದ್ದೂ ಬೇಡ" ಎಂದ.

ದ್ಯಾವಣ್ಣನನ್ನು ಅಲ್ಲಿಯವರೆಗೆ ಯಾರೂ ಹೀಗೆ ಕೇಳಿರಲಿಲ್ಲ.

"ಕಲ್ಲು ಸರಿಸಿದ ಕೂಡಲೇ ಇಳಿದ. ಕೈಯಲ್ಲಿ ಕಂದೀಲಿತ್ತು. ಮೊದಲು ಕಂದೀಲು ಆರಿತು, ಅಣ್ಣಾ. ಆಮೇಲೆ ಅವ ಬಿದ್ದ" ಎಂದ.

ಇಬ್ಬರೂ ಹೋಗಿ ಭರಮಪ್ಪನ ಹಗೇವಿನ ಕಲ್ಲು ಸರಿಸಿದರು. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಅರ್ಧ ದಾರಿಯಲ್ಲಿ ಆರಿತು. ಹಚ್ಚಿ ಮತ್ತೆ ಬಿಟ್ಟರು, ಮತ್ತೆ ಆರಿತು.

"ಮುಚ್ಚಿಟ್ಟ ಗಾಳಿ ಕೆಟ್ಟಿರಬೇಕು. ದೀಪ ನಿಲ್ಲದ ಕಡೆ ಉಸಿರೂ ನಿಲ್ಲುವುದಿಲ್ಲ" ಎಂದ ಭರಮಪ್ಪ. ಹೇಳಿದ ಮರುಗಳಿಗೆಯೇ ಅಳುಕಿದ. "ಇದೂ ನನ್ನ ಊಹೆಯೇ. ನೋಡಿಯೇ ಹೇಳಬೇಕು" ಎಂದ.

ಹಗೇವನ್ನು ತೆರೆದೇ ಬಿಟ್ಟರು. ಕಂಬಳಿಗೆ ಹಗ್ಗ ಕಟ್ಟಿ ಒಳಗಿಳಿಸಿ, ಎತ್ತಿ ಇಳಿಸಿ, ಗಾಳಿ ಆಡಿಸಿದರು. ಮರುದಿನ ಕಂದೀಲು ತಳ ಮುಟ್ಟಿದರೂ ಉರಿಯುತ್ತಲೇ ಇತ್ತು.

ಅಷ್ಟರಲ್ಲಿ ಊರ ಹಿರಿಯರು ಬೇವಿನ ಸೊಪ್ಪು ತಂದು ಹಗೇವಿನ ಬಾಯಿಗೆ ಕಟ್ಟಿದ್ದರು. ಬೇವಿಗೆ ಹೆದರಿ ದೆವ್ವ ಓಡಿತು ಎಂದರು. ಹಿಂದಿನ ಭರಮಪ್ಪನಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದ. ಈಗ, "ಇದ್ದರೂ ಇರಬಹುದು. ಇನ್ನೊಂದು ಹಗೇವು ತೆಗೆದು ನೋಡೋಣ" ಎಂದ. ಅದಕ್ಕೆ ಬೇವು ಕಟ್ಟಿದರು, ಗಾಳಿ ಆಡಿಸಲಿಲ್ಲ. ದೀಪ ಆರಿತು. ಬೇವು ಬಿಚ್ಚಿ ಗಾಳಿ ಆಡಿಸಿದರು. ದೀಪ ಉರಿಯಿತು. ಹಿರಿಯರಲ್ಲೊಬ್ಬರು ಕಂಬಳಿಯ ಹಗ್ಗವನ್ನು ತಾವೂ ಹಿಡಿದರು.

ಭರಮಪ್ಪ ಈ ಸಲ ತಾನೇ ಹಗ್ಗ ಕೇಳಿ ಕಟ್ಟಿಸಿಕೊಂಡು ಇಳಿದ. ಜೋಳ ಮೇಲೆ ಬಂತು. ಮೊದಲ ಬುಟ್ಟಿಯನ್ನು ಹೊತ್ತು ದ್ಯಾವಣ್ಣನ ಮನೆಗೆ ಹೋದ. ಸತ್ತವನ ಹೆಂಡತಿಯ ಮುಂದೆ ಅದನ್ನಿಳಿಸಿ ಕೈಮುಗಿದ.

"ತಂಗೀ, ನಿನ್ನ ಗಂಡ ಕುಡಿದಿರಲಿಲ್ಲ. ನಿಮ್ಮ ಮನೆಯಲ್ಲಿ ಯಾವ ತಪ್ಪೂ ನಡೆದಿರಲಿಲ್ಲ. ಹಗೇವಿನಲ್ಲಿ ಮುಚ್ಚಿಟ್ಟು ಕೆಟ್ಟುಹೋದ ಗಾಳಿ ಅವನ ಜೀವ ತೆಗೆಯಿತು. ನೋಡಿ ಬಂದು ಹೇಳುತ್ತಿದ್ದೇನೆ."

ಅವಳು ಅಂದು ಎಲ್ಲರೆದುರು ಗಟ್ಟಿಯಾಗಿ ಅತ್ತಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

"ದೆವ್ವ ಇರಲಿಲ್ಲ. ಅಂದರೆ ಭರಮಪ್ಪ ಮೊದಲಿನಿಂದ ಹೇಳುತ್ತಿದ್ದದ್ದೇ ನಿಜವಾಯಿತಲ್ಲ, ಗುರುಗಳೇ?" ಎಂದ.

"ಹೌದು ಮಗು, ಹಗೇವಿನಲ್ಲಿ ಕುಸಿದು ಬೀಳುವಾಗಲೂ ಅವನ ಬಾಯಲ್ಲಿದ್ದದ್ದು ಅದೇ ನಿಜ" ಎಂದರು ಗುರುಗಳು.