ಮೂರನೇ ಕೋಣೆಯ ಕಲಾಕೃತಿ

ಕಲಾವಿದರಿಗೆ ಕಡಿಮೆ ಬಾಡಿಗೆಗೆ ಕೋಣೆ ಕೊಡುವ ನಮ್ಮ ಗ್ಯಾಲರಿಗೆ ಚಂದ್ರಮೌಳಿಯವರು ಹೊಸ ಅಧ್ಯಕ್ಷರಾಗಿ ಬಂದರು. ನಾನು ಕಾರ್ಯದರ್ಶಿ. ಬಂದ ದಿನವೇ, "ಮೂರನೇ ಕೋಣೆ ನನ್ನ ಕಚೇರಿ. ಖಾಲಿ ಮಾಡಿಸಿ," ಎಂದರು.

ಆ ಕೋಣೆ ಶಿಲ್ಪಿ ಅಂಬುಜಾಕ್ಷಿಯದು. ಅವಳಿಗೆ ಬೇರೆ ಜಾಗವಿರಲಿಲ್ಲ. ಅವಳ ಮಣ್ಣಿನ ಮೂರ್ತಿಗಳೆಲ್ಲ ವರಾಂಡಕ್ಕೆ ಬಂದವು.

ಅಟೆಂಡರ್ ಚೌಡಯ್ಯ ವಿನಯದಿಂದ ಹೇಳಿದ: "ಸಾರ್, ಶನಿವಾರ ಎಲ್ಲ ಕೋಣೆಗಳ ಬಾಗಿಲೂ ತೆರೆದಿರಬೇಕು. ಜನ ಬಂದು ಕೆಲಸ ನೋಡುತ್ತಾರೆ. ಅದು ಇಲ್ಲಿಯ ನಿಯಮ."

"ನೋಡಲಿ, ನನಗೇನು?"

ಶನಿವಾರ ಅಧ್ಯಕ್ಷರು ಮೇಜಿನ ಹಿಂದೆ ಕೂತರು. ಬೇರೆ ಬಾಗಿಲುಗಳಂತೆ ಅವರ ಬಾಗಿಲಿಗೂ ಚೌಡಯ್ಯ ಚೀಟಿ ಅಂಟಿಸಿದ್ದ: "ಶೀರ್ಷಿಕೆ: ಅಧ್ಯಕ್ಷರು. ಬಳಸಿದ ವಸ್ತು: ಕುರ್ಚಿ, ಮನುಷ್ಯ. ದಯವಿಟ್ಟು ಮುಟ್ಟಬೇಡಿ."

ಜನ ಸಾಲುಗಟ್ಟಿದರು. ಅಧ್ಯಕ್ಷರು ಕೆಮ್ಮಿದರು.

"ನೋಡೇ, ಉಸಿರಾಡುತ್ತೆ," ಎಂದಳು ಒಬ್ಬಳು.

"ಅದು ಸರಿ ಕಣೇ, ಕೆಲಸ ಯಾವಾಗ ಶುರು ಮಾಡುತ್ತೆ?" ಎಂದಳು ಜೊತೆಯವಳು.

ಒಬ್ಬ ನಿವೃತ್ತ ಮೇಷ್ಟರು ಕನ್ನಡಕ ಸರಿಮಾಡಿಕೊಂಡು, "ಇನ್ನೂ ಅರ್ಧ ಗಂಟೆ ಕಾಯೋಣ," ಎಂದರು.

ಅಧ್ಯಕ್ಷರು ಎದ್ದು ಹೊರಬಂದು ಚೀಟಿ ಓದಿದರು. "ಇದೇನಯ್ಯ?"

"ಎಲ್ಲ ಬಾಗಿಲಿಗೂ ಇದೆ ಸಾರ್."

"ಈ ಕೋಣೆಯಲ್ಲಿ ಗಾಳಿ ಸಾಲದು. ಆ ಹುಡುಗಿಗೇ ಕೊಟ್ಟುಬಿಡು."

ಅಂದಿನ ದಾಖಲೆ ಪುಸ್ತಕದಲ್ಲಿ ನಾನು ಬರೆದೆ: "ಮೂರನೇ ಕೋಣೆಯ ಕೃತಿಯನ್ನು ನೋಡಿದವರು ನಲವತ್ತೊಂದು ಮಂದಿ. ಹನ್ನೆರಡು ಗಂಟೆಗೆ ಕೃತಿ ತಾನಾಗಿಯೇ ಎದ್ದು ಹೋಯಿತು."