ಹೆಡ್‌ಮಾಸ್ಟರ್ ಗೀಜಗ ಬಿಚ್ಚಿದ ಗಂಟು

ಗೀಜಗನಿಗೆ ಗೂಡು ಹೆಣೆಯಲು ಕಲಿಸಿದವನೇ ನಾನು. ಸುಳ್ಳು ಬಿಡಿ, ನನಗೆ ಪಾಯಿಜಾಮದ ಲಾಡಿ ಕಟ್ಟಲೂ ಬರುವುದಿಲ್ಲ. ಮುಂದಿನದು ಮಾತ್ರ ನಿಜ.

ಈಚಲು ಮರದ ಹೆಣಿಗೆ ಶಾಲೆಯಲ್ಲಿ ಗೀಜಗದ ಮಕ್ಕಳು ಕಟ್ಟಿದ ಗೂಡುಗಳು ಗಾಳಿಗೆ ಉದುರುತ್ತಿದ್ದವು. ಮೊಟ್ಟೆಯಿಡುವ ಕಾಲ ಬೇರೆ ಹತ್ತಿರವಾಗಿತ್ತು. ಪಕ್ಕದ ಶಾಲೆಯ ಹೆಡ್‌ಮಾಸ್ಟರ್ ಕಾಗೆ, ತನ್ನ ಗೂಡಿನ ಮೊಟ್ಟೆ ಯಾರದೆಂದು ಒಮ್ಮೆಯೂ ನೋಡದ ಮಹಾಶಯ, "ದಡ್ಡರನ್ನು ಓಡಿಸಿ, ಮರವನ್ನೇ ಬದಲಿಸಿ ಮೇಷ್ಟ್ರೇ!" ಎಂದಿತು.

"ಮೊದಲು ಬಿದ್ದದ್ದನ್ನು ನೋಡೋಣ ರಾಯರೇ," ಎಂದ ಹೆಡ್‌ಮಾಸ್ಟರ್ ಗೀಜಗ, ಬಿದ್ದ ಗೂಡುಗಳನ್ನು ಮಕ್ಕಳೆದುರೇ ಬಿಚ್ಚಿತು. ದಿನಕ್ಕೆ ಒಂದೇ ಗಂಟು ಬದಲಿಸಿ, ಗಾಳಿಗೆ ತೂಗುಬಿಟ್ಟು, "ಯಾವುದು ಮೊದಲು ಜಾರಿತು?" ಎಂದು ಕೇಳುತ್ತಿತ್ತು.

ನಾಲ್ಕನೆಯ ದಿನ ಒಂದು ಮರಿ ಅಳುಕುತ್ತಾ ಹೇಳಿತು: "ಕೊಂಬೆಗೆ ಹಾಕುವ ಗಂಟು, ಸಾರ್. ನೀವೇ ಕಲಿಸಿದ್ದು. ನಾನು ಇನ್ನೊಂದು ಸುತ್ತು ಹಾಕಿದೆ, ನಿಂತಿತು."

ಕಾಗೆ ಕಿಸಕ್ಕೆಂದಿತು. ಗೀಜಗ ಮರಿಯ ಪಕ್ಕದಲ್ಲೇ ತಲೆಕೆಳಗಾಗಿ ನೇತುಬಿದ್ದು, "ಹಾಗಾದರೆ ಇವತ್ತು ನಾನು ವಿದ್ಯಾರ್ಥಿ. ತೋರಿಸಪ್ಪ," ಎಂದಿತು.

ಆ ಮಳೆಗಾಲದಲ್ಲಿ ಒಂದು ಮೊಟ್ಟೆಯೂ ಬಿದ್ದು ಒಡೆಯಲಿಲ್ಲ. ಆದರೂ ಹೆಡ್‌ಮಾಸ್ಟರು ದಿನಾ ಒಂದೊಂದು ಗಂಟು ಜಗ್ಗಿ ನೋಡುತ್ತಲೇ ಇದ್ದರು.

ನನ್ನ ಕಥೆಯಲ್ಲೂ ಗಂಟು ಸಡಿಲವಿದ್ದರೆ ಹೇಳಿ ಸ್ವಾಮಿ, ನಾಳೆ ಬಿಗಿಮಾಡುತ್ತೇನೆ. ಇವತ್ತಿನ ಚಹಾದ ದುಡ್ಡು ಮಾತ್ರ ನೀವೇ ಕೊಟ್ಟುಬಿಡಿ.